ಅಭ್ಯುದಯದ ಅಳತೆ

ಒಂದು ದೇಶವು ಮುಂದುವರಿಯುತ್ತಿದೆಯೆಂದು ನಾವು ಯಾವ ಆಧಾರದಿಂದ ಹೇಳುತ್ತೇವೆ? ಆ ಮುನ್ನಡೆಯನ್ನು ಅಳೆಯುವವನಿಗೆ, ಅಳತೆಗೆ ಒಳಗಾದ ಜನರ ವಿಷಯದಲ್ಲಿ ಏನಾದರೂ ಋಣವುಂಟೆ? ಮೊದಲನೆಯ ಪ್ರಶ್ನೆಯು ಅರ್ಥಶಾಸ್ತ್ರಜ್ಞರದು. ಎರಡನೆಯದು ಧರ್ಮವಿಚಾರಕ್ಕೆ ಸೇರಿದುದು. ಇವೆರಡನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ವಾಡಿಕೆ. ಅರಬ್ಬೀ ನಾಡುಗಳ ಈಚಿನ ಚರಿತ್ರೆಯನ್ನು ನೋಡಿದವರಿಗೆ ಆ ವಾಡಿಕೆಯು ಸಮಾಧಾನವನ್ನು ಕೊಡಲಾರದು.

2010ನೆಯ ಇಸವಿಯ ನವೆಂಬರು ತಿಂಗಳಲ್ಲಿ ವಿಶ್ವಸಂಸ್ಥೆಯ ಮಾನವಾಭಿವೃದ್ಧಿ ವರದಿಯು ಹೊರಬಂದಿತು. ಪಾಕಿಸ್ತಾನದ ಮಹ್ಬೂಬ್ ಉಲ್ ಹಕ್ ಎಂಬ ಅರ್ಥಶಾಸ್ತ್ರಜ್ಞರು ನಮ್ಮ ಅಮರ್ತ್ಯ ಸೇನರ ನೆರವಿನಿಂದ ರೂಪಿಸಿ 1990ರಲ್ಲಿ ಬಳಕೆಗೆ ತಂದ ಅಳತೆ ಅದು. ಬರಿಯ ಹಣವನ್ನು ಎಣಿಸದೆ, ಆಯುಸ್ಸು, ವಿದ್ಯೆ, ವರಮಾನ ಈ ಮೂರನ್ನೂ ಅದು ಕೂಡಿಸಿ ನೋಡುತ್ತದೆ. 1970ರಿಂದ 2010ರ ವರೆಗಿನ ನಲವತ್ತು ವರ್ಷಗಳಲ್ಲಿ, ತಾವು ಹೊರಟ ಸ್ಥಾನದಿಂದ ಅತ್ಯಂತ ವೇಗವಾಗಿ ಮುಂದೆ ಬಂದ ಹತ್ತು ದೇಶಗಳನ್ನು ಆ ವರದಿಯು ಹೆಸರಿಸಿತು. ಹತ್ತರಲ್ಲಿ ಐದು ಅರಬ್ಬೀ ದೇಶಗಳು. ಒಮಾನಿಗೆ ಎಲ್ಲಕ್ಕೂ ಮೊದಲನೆಯ ಸ್ಥಾನ. ಸೌದಿ ಅರೇಬಿಯಾ, ಟ್ಯುನೀಸಿಯಾ, ಅಲ್ಜೀರಿಯಾ, ಮೊರಾಕ್ಕೊಗಳು ಉಳಿದವು.

ಇದಾದ ಆರೇಳು ವಾರಗಳಿಗೆ, ಡಿಸೆಂಬರು 17ರಂದು, ಟ್ಯುನೀಸಿಯಾದ ಒಳನಾಡಿನ ಸೀದಿ ಬುಜೀದ್ ಎಂಬ ಪಟ್ಟಣದಲ್ಲಿ ತಳ್ಳುಗಾಡಿಯ ಮೇಲೆ ಹಣ್ಣು ಮಾರುತ್ತಿದ್ದ ಮೊಹಮ್ಮದ್ ಬುವಜೀಜಿಯೆಂಬ ತರುಣನ ಸರಕನ್ನೂ ತಕ್ಕಡಿಯನ್ನೂ ಅಧಿಕಾರಿಗಳು ಕಸಿದುಕೊಂಡರು. ದೂರು ಹೇಳಲು ಹೋದಲ್ಲಿ ಕೇಳುವವರಿಲ್ಲದೆ, ಅವನು ಸರಕಾರಿ ಕಚೇರಿಯ ಎದುರಿನಲ್ಲಿಯೇ ಮೈಗೆ ಬೆಂಕಿ ಹಚ್ಚಿಕೊಂಡನು. 2011ರ ಜನವರಿ 4ರಂದು ಆತನು ತೀರಿಕೊಂಡನು. 14ರಂದು, ಇಪ್ಪತ್ತಮೂರು ವರ್ಷ ಆಳಿದ್ದ ಬೆನ್ ಅಲಿಯು ದೇಶಬಿಟ್ಟು ಓಡಿಹೋದನು. ಬುವಜೀಜಿಯು ಕೆಲಸ ಸಿಗದ ಪದವೀಧರನೆಂದು ಮೊದಮೊದಲು ಸುದ್ದಿ ಹಬ್ಬಿತ್ತು. ಅದು ನಿಜವಲ್ಲ. ಅವಮಾನವನ್ನು ಅರಿಯುವುದಕ್ಕೆ ಪದವಿ ಬೇಕೆಂದು ಸುದ್ದಿಗಾರರು ಎಣಿಸಿದ್ದರೋ ಏನೋ!

ಹಾಗಾದರೆ ವರದಿಯ ಅಂಕಿಗಳು ಸುಳ್ಳೆ? ಅಲ್ಲ. ಟ್ಯುನೀಸಿಯಾದ ಹೆಣ್ಣುಮಕ್ಕಳು ಶಾಲೆಗೆ ಹೋದುದು ದಿಟ. 1956ರ ಕಾನೂನಿನಿಂದ ಬಹುಪತ್ನೀತ್ವವು ನಿಷಿದ್ಧವಾದುದು ದಿಟ. ಹಸುಗೂಸುಗಳ ಸಾವು ಕಡಿಮೆಯಾದುದೂ ದಿಟ. ಇವನ್ನು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಕೇಳಿದ ಪ್ರಶ್ನೆಗೆ ಮಾತ್ರವೇ ಅಂಕಿಯು ಉತ್ತರ ಕೊಡುತ್ತದೆ. ಸರಾಸರಿಯನ್ನು ಕೇಳಿದವರಿಗೆ ಸರಾಸರಿ ದೊರೆಯಿತು. ಕರಾವಳಿಯ ಪಟ್ಟಣಗಳ ಸಿರಿಯೂ ಒಳನಾಡಿನ ಬಡತನವೂ ಅದರಲ್ಲಿ ಕರಗಿಹೋದುವು. 2005ರ ಸರಕಾರಿ ಲೆಕ್ಕದಂತೆ ಆ ದೇಶದಲ್ಲಿ ಬಡವರು ನೂರಕ್ಕೆ ನಾಲ್ವರೂ ಇರಲಿಲ್ಲ. ಕ್ರಾಂತಿಯ ತರುವಾಯ, 2012ರಲ್ಲಿ, ಬಡತನದ ಗೆರೆಯನ್ನು ಹೊಸದಾಗಿ ಎಳೆದು ನೋಡಿದಾಗ, 2010ರಲ್ಲಿಯೂ ಅವರು ನೂರಕ್ಕೆ ಹದಿನೈದಕ್ಕೆ ಮಿಕ್ಕಿದ್ದರೆಂದು ಕಂಡಿತು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದನ್ನು ಗಣಿತವು ಹೇಳಿಕೊಡುವುದಿಲ್ಲ. 2014ರಲ್ಲಿ ವಿಶ್ವಬ್ಯಾಂಕಿನ ಸಂಶೋಧಕರು ಇನ್ನೊಂದು ಲೆಕ್ಕವನ್ನು ಹೊರಗೆಡಹಿದರು: ಬೆನ್ ಅಲಿಯ ಬಂಧುಬಳಗಕ್ಕೆ ಸೇರಿದ ಸುಮಾರು 220 ಉದ್ಯಮಗಳು 2010ರ ಕೊನೆಗೆ ಖಾಸಗಿ ಉದ್ಯಮಗಳ ಒಟ್ಟು ಲಾಭದಲ್ಲಿ ನೂರಕ್ಕೆ 21 ಪಾಲನ್ನು ಪಡೆಯುತ್ತಿದ್ದುವು. ಆಳುವವನು ಓಡಿಹೋದ ಮೇಲೆ ಈ ಎಣಿಕೆ ಸುಲಭವಾಯಿತು.

ಮುನ್ಸೂಚನೆ ಇರಲಿಲ್ಲವೆನ್ನುವಂತಿಲ್ಲ. 2002ರಲ್ಲಿಯೇ, ಈಜಿಪ್ಟಿನ ನಾದಿರ್ ಫೆರ್ಗಾನಿಯವರ ಮುಂದಾಳುತನದಲ್ಲಿ ಅರಬ್ಬೀ ವಿದ್ವಾಂಸರೇ ತಮ್ಮ ನಾಡುಗಳ ಸ್ಥಿತಿಯನ್ನು ಕುರಿತು ವರದಿಯೊಂದನ್ನು ಬರೆದರು. ಸ್ವಾತಂತ್ರ್ಯ, ಜ್ಞಾನ, ಸ್ತ್ರೀಯರ ಅಧಿಕಾರ ಈ ಮೂರರ ಕೊರತೆಯನ್ನು ಅವರು ಮರೆಮಾಚದೆ ಹೇಳಿದರು. 1999ರಲ್ಲಿ ಅರಬ್ಬೀ ದೇಶಗಳೆಲ್ಲದರ ಒಟ್ಟು ಉತ್ಪನ್ನವು ಸ್ಪೇನ್ ದೇಶವೊಂದರ ಉತ್ಪನ್ನಕ್ಕಿಂತ ಕಡಿಮೆಯೆಂಬ ಅದರ ಮಾತು ಲೋಕದಲ್ಲೆಲ್ಲ ಹರಡಿತು. ಅಷ್ಟು ಹರಡದೆ ಉಳಿದ ಸಂಗತಿಯೇ ಹೆಚ್ಚು ಬೆಲೆಯುಳ್ಳದೆಂದು ನನ್ನ ಭಾವನೆ: ವರಮಾನವನ್ನು ಬಿಟ್ಟು, ಸ್ವಾತಂತ್ರ್ಯವನ್ನು ಸೇರಿಸಿ, ಬೇರೊಂದು ಅಳತೆಯನ್ನು ಫೆರ್ಗಾನಿಯವರು ಸೂಚಿಸಿದ್ದರು. ಆ ಅಳತೆಯು ರೂಢಿಗೆ ಬರಲಿಲ್ಲ. ಸ್ವಾತಂತ್ರ್ಯವನ್ನು ಅಂಕಿಯಲ್ಲಿ ಹಿಡಿಯುವುದು ಕಷ್ಟವೆಂಬ ಆಕ್ಷೇಪವು ಒಪ್ಪತಕ್ಕದ್ದೇ. ಆದರೆ ಹಿಡಿಯಲು ಕಷ್ಟವಾದುದನ್ನು ಸೊನ್ನೆಯೆಂದು ಬಗೆಯುವುದು ಯಾವ ಶಾಸ್ತ್ರ?

ಟ್ಯೂನಿಸ್ ನಗರದಲ್ಲಿಯೇ 1332ರಲ್ಲಿ ಹುಟ್ಟಿದ ಇಬ್ನ್ ಖಲ್ದೂನನು ಈ ವಿಷಯದಲ್ಲಿ ನಮಗಿಂತ ಹಿಂದುಳಿದವನಲ್ಲ. ತೆರಿಗೆಯ ಭಾರವು ಮಿತಿಮೀರಿದರೆ ಜನರು ದುಡಿಯುವ ಉತ್ಸಾಹವನ್ನು ಕಳೆದುಕೊಳ್ಳುವರೆಂದೂ, ಆಗ ಬೊಕ್ಕಸವೇ ಬರಿದಾಗುವುದೆಂದೂ ಅವನು ವಾದಿಸಿದನು. ಅನ್ಯಾಯವು ನಾಗರಿಕತೆಯನ್ನು ಹಾಳುಮಾಡುತ್ತದೆಂಬುದು ಅವನಿಗೆ ಉಪದೇಶದ ಮಾತಾಗಿರಲಿಲ್ಲ, ಕಾರ್ಯಕಾರಣದ ವಿವರಣೆಯಾಗಿತ್ತು. ಅವನ ವಿಗ್ರಹವು ಟ್ಯೂನಿಸಿನ ಹೆದ್ದಾರಿಯಲ್ಲಿದೆ. ಜನವರಿ 14ರಂದು ಜನರು ಕಿಕ್ಕಿರಿದು ನೆರೆದುದೂ ಅದೇ ಬೀದಿಯಲ್ಲಿ.

ಇಷ್ಟನ್ನು ಓದಿ, ಎಣಿಕೆಯ ಗೊಡವೆಯೇ ಬೇಡವೆನ್ನುವ ವಾಚಕರಿದ್ದರೆ, ಅವರು ಲೆಬನಾನಿನ ಕಡೆಗೆ ನೋಡಬೇಕು. ಆ ದೇಶದಲ್ಲಿ 1932ರ ಈಚೆಗೆ ಖಾನೇಷುಮಾರಿಯೇ ನಡೆದಿಲ್ಲ. ಶಾಸನಸಭೆಯ ಸ್ಥಾನಗಳನ್ನು ಅಲ್ಲಿ ಮತಗಳಿಗೆ ಹಂಚಿದೆ. ಮೊದಲು ಕ್ರೈಸ್ತರಿಗೆ ಆರಕ್ಕೆ ಇತರರಿಗೆ ಐದರಂತೆ, 1989ರ ಒಪ್ಪಂದದಿಂದ ಸಮಸಮವಾಗಿ. ತಲೆಯೆಣಿಸಿದರೆ ಯಾರ ಪಾಲು ಕುಗ್ಗುವುದೋ ಎಂಬ ಭಯದಿಂದ ಯಾರೂ ಎಣಿಸುವುದಿಲ್ಲ. ಶಾಂತಿಗಾಗಿ ಹೀಗೆ ಕಣ್ಣುಮುಚ್ಚಿಕೊಂಡರೂ 1975ರಿಂದ ಹದಿನೈದು ವರ್ಷದ ಅಂತರ್ಯುದ್ಧವು ತಪ್ಪಲಿಲ್ಲ. ಯಾವ ಹಳ್ಳಿಗೆ ಎಷ್ಟು ಶಾಲೆ ಬೇಕೆಂದು ಅಂದಾಜಿನಿಂದಲೇ ತಿಳಿಯಬೇಕಾದ ಕಡೆ ನಷ್ಟವಾಗುವುದು ಬಡವರಿಗೆ. ಬಲ್ಲಿದನು ಎಣಿಕೆಯಿಲ್ಲದೆಯೂ ಕಾಣಿಸಿಕೊಳ್ಳಬಲ್ಲನು. ಇರಾಕಿನವರು 1987ರ ತರುವಾಯ ಇಡೀ ದೇಶದ ಜನರನ್ನು ಎಣಿಸಿದುದು 2024ರಲ್ಲಿ.

ಆದುದರಿಂದ ಎಣಿಸುವವನ ಋಣವೆಂದರೆ, ತನ್ನ ಲೆಕ್ಕದಿಂದ ಯಾರು ಹೊರಗುಳಿದರೆಂದು ಹುಡುಕುವುದು. ಈ ಮಾತು ನಮ್ಮ ಮನೆಬಾಗಿಲಿಗೂ ಬರುತ್ತದೆ. ಮಂಗಳೂರು, ಉಡುಪಿ, ಭಟ್ಕಳಗಳ ಕಡೆಯ ಕುಟುಂಬಗಳಿಗೆ ಅರಬ್ಬೀ ಕೊಲ್ಲಿಯ ದೇಶಗಳು ದೂರವಲ್ಲ. ಕತಾರಿನಲ್ಲಿ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಜನರು ಪರದೇಶದವರು. ಆ ದೇಶದ ಮರಣಪ್ರಮಾಣವು ಲೋಕದಲ್ಲಿಯೇ ತೀರ ಕಡಿಮೆಯಾದವುಗಳಲ್ಲೊಂದು. ವೈದ್ಯಶಾಲೆಗಳು ಚೆನ್ನಾಗಿರುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಅಲ್ಲಿರುವವರಲ್ಲಿ ಬಹುಮಂದಿ ಹರೆಯದಲ್ಲಿ ಬಂದು ಶಕ್ತಿಯುಡುಗಿದ ಮೇಲೆ ಹಿಂದಿರುಗುವ ಕೆಲಸಗಾರರೆಂಬುದು. ಅವರನ್ನು ಹೆತ್ತು, ಸಾಕಿ, ಅಕ್ಷರ ಕಲಿಸಿದ ವೆಚ್ಚವನ್ನು ಊರು ಹೊತ್ತಿತು. ದುಡಿಮೆಯ ಇಪ್ಪತ್ತು ಮೂವತ್ತು ವರ್ಷಗಳು ಅಲ್ಲಿಯ ಉತ್ಪನ್ನದಲ್ಲಿ ಸೇರಿದುವು. ಬಳಿಕ ಬರುವ ಮುಪ್ಪು, ಔಷಧದ ಖರ್ಚು, ಕಟ್ಟಕಡೆಗೆ ಮರಣ, ಇವೆಲ್ಲ ನಮ್ಮ ಕರಾವಳಿಯ ಯಾವುದೋ ಗ್ರಾಮದ ಪುಸ್ತಕದಲ್ಲಿ ಬರೆಯಲ್ಪಡುತ್ತವೆ.