ಇನ್ನೊಬ್ಬರ ಪಾಲಿನ ಗಾಡಿ

ಕಳೆದ ಮಳೆಗಾಲದ ಒಂದು ರಾತ್ರಿ ನನಗೆ ಎದೆ ಹಿಡಿದಂತಾಯಿತು. ಮಗ 108ಕ್ಕೆ ಫೋನ್ ಮಾಡಿದ. ಆಂಬುಲೆನ್ಸ್ ಬಂತು, ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು. "ಹೆದರಬೇಡಿ, ಬರೇ ಗ್ಯಾಸ್" ಅಂದರು ಡಾಕ್ಟರು. ಅದೇ ಹೊತ್ತಿಗೆ ಪಕ್ಕದ ಊರಿನ ಒಬ್ಬರಿಗೆ ಪಾರ್ಶ್ವವಾಯು ಬಡಿದು, ಆಂಬುಲೆನ್ಸ್ ಸಿಗದೆ ಜೀಪಿನಲ್ಲಿ ಕೊಂಡುಹೋದರಂತೆ. ರಕ್ತದ ಹೆಪ್ಪು ಕರಗಿಸುವ ಮದ್ದನ್ನು ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಅವರು ತಲುಪುವಾಗ ಹೊತ್ತು ಮೀರಿತ್ತು. ಜೀವ ಉಳಿಯಿತು, ಬಲಗೈ ಏಳುವುದಿಲ್ಲ. ಅವರ ಪಾಲಿನ ಗಾಡಿಯಲ್ಲಿ ನಾನು ಹೋದೆನೇ?

ನಮ್ಮ ಕಾಸರಗೋಡಿನವರಿಗೆ ಸುರಂಗದ ನೀರಿನ ಲೆಕ್ಕ ಗೊತ್ತು. ಎಪ್ರಿಲಿನಲ್ಲಿ ನೀರು ಸಣ್ಣಗಾದರೆ ಮೊದಲು ಕುಡಿಯಲಿಕ್ಕೆ, ಆಮೇಲೆ ಅಡಿಕೆ ತೋಟಕ್ಕೆ. 108ರ ಆಂಬುಲೆನ್ಸೂ 101ರ ಫಯರ್ ಇಂಜಿನೂ ಹಾಗೆಯೇ. ಫಯರ್ ಫೋರ್ಸಿನವರು ಬಾವಿಗೆ ಬಿದ್ದ ಬೆಕ್ಕನ್ನು ಎತ್ತುತ್ತಿರುವಾಗ ಗುಡ್ಡೆಗೆ ಬೆಂಕಿ ಹಿಡಿದರೆ, ದೂರದ ಸ್ಟೇಷನ್ನಿನಿಂದ ಇನ್ನೊಂದು ಗಾಡಿ ಬರಬೇಕು.

ಹಾಗಾದರೆ ಕರೆದದ್ದು ತಪ್ಪೋ? ತುಂಬಾ ದಿನ ಯೋಚಿಸಿದೆ. ತಪ್ಪಲ್ಲ ಅಂತಲೇ ಕಾಣುತ್ತದೆ. ಗ್ಯಾಸೋ ಹೃದಯವೋ ಎಂದು ಆ ನಡುರಾತ್ರಿ ನನಗೆ ಹೇಗೆ ಗೊತ್ತಾಗಬೇಕು? ಸಂಕೋಚಪಟ್ಟು ಕೂತು ಸತ್ತವರೂ ಇದ್ದಾರೆ. ಹೆದರಿ ಕರೆಯುವುದು ಬೇರೆ. ಆಟೋ ಬಾಡಿಗೆ ಉಳಿಯಲಿ ಎಂದು ಕರೆಯುವುದು ಬೇರೆ. ತಪ್ಪು ಇರುವುದು ಎರಡನೆಯದರಲ್ಲಿ.

ಅಲ್ಲಿಯೂ ಒಂದು ಮಾತಿದೆ. ಬಾಡಿಗೆಗೆ ದುಡ್ಡೇ ಇಲ್ಲದವನು 108ಕ್ಕೆ ಕರೆದರೆ ಅವನನ್ನು ದೂರುವುದು ಹೇಗೆ? ಅವನಿಗೊಂದು ಆಟೋ ಮಾಡಿಕೊಡದೆ ಬಾಗಿಲು ಹಾಕಿಕೊಂಡ ನೆರೆಕರೆಯವರು ನಾವೇ ಅಲ್ಲವೇ? ಗಾಡಿಗಳು ಸಾಲದು ಎಂದು ಸರಕಾರವನ್ನು ಕೇಳೋಣ, ಕೇಳಲೇಬೇಕು. ಆದರೆ ಜ್ವರ ಬಂದವನನ್ನು ಆಸ್ಪತ್ರೆಗೆ ಮುಟ್ಟಿಸಲಿಕ್ಕೆ ಸರಕಾರವೇ ಬರಬೇಕೆಂದಿಲ್ಲ.

ಮಗನಿಗೆ ಹೇಳಿದ್ದೇನೆ: ಇನ್ನೊಮ್ಮೆ ಎದೆ ಹಿಡಿದರೆ, ಯೋಚನೆ ಮಾಡದೆ 108ಕ್ಕೇ ಕರೆ.