ಫೋಟೋದಲ್ಲಿದ್ದ ವಿಮಾನ

ನಮ್ಮ ಹೊಸೂರು ಕಡೆಯವರಿಗೆ ಸಣ್ಣ ವಿಮಾನ ಹೊಸದೇನಲ್ಲ. ಬೆಳಗೊಂಡಪಲ್ಲಿಯಲ್ಲಿ ರನ್‌ವೇ ಇದೆ, ಕಾರ್ಖಾನೆಯೂ ಇದೆ. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ ಎಂಬ ಎರಡು ಸೀಟಿನ ವಿಮಾನಗಳನ್ನು ಅಲ್ಲಿ ಕಟ್ಟಿದ್ದಾರೆ. ಹೊಲದಲ್ಲಿ ಕಳೆ ಕೀಳುವವರು ಸದ್ದಿಗೆ ಒಂದು ಸಲ ತಲೆ ಎತ್ತಿ ನೋಡಿ ಮತ್ತೆ ಬಗ್ಗುತ್ತಾರೆ, ಅಷ್ಟೇಯ. ಅದರ ಹೆಸರೇನು ಅಂತ ಕೇಳಿದರೆ ಮಾತ್ರ ಬಹಳ ಜನಕ್ಕೆ ಗೊತ್ತಿರುವುದು ಒಂದೇ: ಸೆಸ್ನಾ. ಎಂಜಿನ್ ಒಂದಾಗಿದ್ದು ಮೈ ಚಿಕ್ಕದಾಗಿದ್ದರೆ ಸೆಸ್ನಾ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಮೇಷ್ಟ್ರ ಕೆಲಸದಲ್ಲಿ ಇದ್ದದ್ದರಿಂದ ನನ್ನ ತಪ್ಪಿಗೆ ಬೇರೆಯವರ ತಪ್ಪಿಗಿಂತ ತೂಕ ಜಾಸ್ತಿ.

ಆರನೇ ತರಗತಿಯ ಹುಡುಗನೊಬ್ಬ ಒಂದು ದಿನ ಹಳೇ ಕಪ್ಪು ಬಿಳುಪಿನ ಫೋಟೋ ತಂದ. ಒಂದು ಸಣ್ಣ ವಿಮಾನದ ಮುಂದೆ ಅರ್ಧ ತೋಳಿನ ಅಂಗಿ ತೊಟ್ಟ ಯುವಕ ನಿಂತಿದ್ದಾನೆ. "ನಮ್ಮ ತಾತ ಸಾರ್. ಬೆಂಗಳೂರಿನ ವಿಮಾನದ ಕಾರ್ಖಾನೇಲಿ ಇದ್ರಂತೆ. ಇದು ಯಾವ ವಿಮಾನ ಸಾರ್?" ನಾನು ಹಾಜರಿ ಪುಸ್ತಕದಿಂದ ಕಣ್ಣು ಪೂರ್ತಿ ಎತ್ತಲೂ ಇಲ್ಲ. "ಸೆಸ್ನಾ ಕಣೋ, ಅಮೆರಿಕಾದ್ದು" ಅಂದುಬಿಟ್ಟೆ. ಮಾರನೇ ದಿನ ಹುಡುಗ ಬಂದು, "ತಾತಂಗೆ ಹೇಳ್ದೆ ಸಾರ್, ಅವರು ಏನೂ ಮಾತಾಡಲಿಲ್ಲ" ಅಂದ. ಆ ಮಾತು ಎಲ್ಲೋ ಚುಚ್ಚಿತು. ಆದರೂ ಆಗ ಏನೂ ಮಾಡಲಿಲ್ಲ. ಫೋಟೋ ನನ್ನ ಮೇಜಿನ ಡ್ರಾಯರಿನಲ್ಲೇ ಉಳಿಯಿತು.

ನಾನು ಸುಳ್ಳು ಹೇಳಿರಲಿಲ್ಲ. ನಿಜವೆಂದು ನಂಬಿಯೇ ಹೇಳಿದ್ದೆ. ಆದರೆ ನಂಬುವುದಕ್ಕೆ ಮುಂಚೆ ನೋಡಿರಲಿಲ್ಲ. ಇದು ತಪ್ಪೇ, ಅಥವಾ ಬರೀ ಅಜ್ಞಾನವೇ? ಹಳೆಯ ವಿಮಾನವೊಂದಕ್ಕೆ ತಪ್ಪು ಹೆಸರು ಹೇಳಿದರೆ ಯಾರ ಗಂಟು ಹೋಯಿತು?

ಗಂಟಲ್ಲ, ಪ್ರಾಣವೇ ಹೋದದ್ದೂ ಉಂಟು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಯುದ್ಧ ಸಾರಿ ಮೂರು ದಿನ ಕಳೆದಾಗ, 1939ರ ಸೆಪ್ಟೆಂಬರ್ 6ರಂದು, ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು ತಮ್ಮದೇ ಪಡೆಯ ಎರಡು ಹರಿಕೇನ್ ವಿಮಾನಗಳನ್ನು ಜರ್ಮನರದೆಂದು ಬಗೆದು ಹೊಡೆದುರುಳಿಸಿದವು. ಒಬ್ಬ ಪೈಲಟ್ ಸತ್ತ. ಆ ಯುದ್ಧದಲ್ಲಿ ವಿಮಾನದ ಆಕಾರ ನೋಡಿ ಹೆಸರು ಹೇಳುವುದು ಒಂದು ಶಿಕ್ಷಣವೇ ಆಯಿತು. ಕರಿ ನೆರಳಿನಂಥ ಚಿತ್ರಗಳನ್ನು ನೋಡಿ ರೆಕ್ಕೆ ಹೇಗೆ, ಎಂಜಿನ್ ಎಷ್ಟು, ಒಡಲು ಎಂಥದು, ಬಾಲ ಯಾವ ಆಕಾರ ಎಂದು ಕ್ರಮವಾಗಿ ಕಲಿಯುತ್ತಿದ್ದರು. 1941ರಲ್ಲಿ ಇದಕ್ಕಾಗಿಯೇ ಲಂಡನ್ನಿನಲ್ಲಿ 'ದಿ ಏರೋಪ್ಲೇನ್ ಸ್ಪಾಟರ್' ಎಂಬ ಪತ್ರಿಕೆ ಹೊರಟಿತು. ಯುದ್ಧ ಮುಗಿದ ಮೇಲೂ ಈ ಹುಚ್ಚು ಬಿಡಲಿಲ್ಲ. ಈಗಲೂ ದೇಶದೇಶಗಳಲ್ಲಿ ಹವ್ಯಾಸಿಗಳಿದ್ದಾರೆ. ನಾಲ್ಕೋ ಐದೋ ಮಾತ್ರ ತಯಾರಾಗಿ ನಿಂತುಹೋದ ವಿಮಾನದ ಮಸುಕು ಫೋಟೋ ಹಿಡಿದುಕೊಂಡು ವಾರಗಟ್ಟಲೆ ಕೂರುತ್ತಾರೆ. ಇದರಿಂದ ಅವರಿಗೆ ಕಾಸಿನ ಲಾಭವಿಲ್ಲ.

ಅಂಥವರೊಬ್ಬರು ಬೆಂಗಳೂರಿನಲ್ಲಿ ನನಗೆ ಪರಿಚಯವಾದರು. ಹಿಂದೆ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆಗಿದ್ದವರು. ಡ್ರಾಯರಿನ ಫೋಟೋ ನೆನಪಾಗಿ ಅವರ ಮುಂದಿಟ್ಟೆ. ಅವರು ಹೆಸರು ಹೇಳಲಿಲ್ಲ. "ಮೊದಲು ಇದು ಏನಲ್ಲ ಅನ್ನೋದು ನೋಡೋಣ ಮೇಷ್ಟ್ರೇ" ಅಂತ ಭೂತಗನ್ನಡಿ ತೆಗೆದರು. ಮೂತಿಯ ಕೆಳಗೆ ಚಕ್ರವಿಲ್ಲ, ಬಾಲದ ಮೇಲೆ ಕೂತಿದೆ. ಹಾಗಾಗಿ ನಾವೆಲ್ಲ ಸಿನಿಮಾದಲ್ಲಿ ನೋಡುವ ಸೆಸ್ನಾ 172 ಅಲ್ಲ. ನಾನು ಗೆದ್ದವನಂತೆ, "ಹಾಗಾದ್ರೆ ಸೆಸ್ನಾನೇ ಅಲ್ಲ" ಅಂದೆ. "ತಡೀರಿ, ಹಳೇ ಸೆಸ್ನಾಗಳಿಗೂ ಬಾಲದ ಚಕ್ರವೇ" ಅಂದರು. ಒಡಲಿನ ಮೇಲೆ ಬೆಳಕು ಬಿದ್ದ ಕಡೆ ಉದ್ದುದ್ದ ಗೆರೆಗಳು ಕಾಣುತ್ತಿದ್ದವು, ಬಡಕಲು ದನದ ಪಕ್ಕೆಯ ಹಾಗೆ. ತಗಡಿನ ಮೈಯಾಗಿದ್ದರೆ ಹಾಗೆ ಕಾಣುವುದಿಲ್ಲವಂತೆ. ಕಬ್ಬಿಣದ ಕೊಳವೆಯ ಗೂಡಿನ ಮೇಲೆ ಬಟ್ಟೆ ಬಿಗಿದು, ಅದಕ್ಕೆ ಡೋಪ್ ಎನ್ನುವ ದ್ರವ ಬಳಿದು ಗಟ್ಟಿಮಾಡಿದ ಮೈ ಅದು. ಫೋಟೋ ಎಡಬಲ ತಿರುಗಿ ಅಚ್ಚಾಗಿಲ್ಲವೆಂಬುದನ್ನು ಅಕ್ಷರ ನೋಡಿ ಖಾತ್ರಿ ಮಾಡಿಕೊಂಡರು. 'ವಿಟಿ' ಕಾಣುತ್ತಿತ್ತು, ಮುಂದಿನ ಅಕ್ಷರಗಳು ಯುವಕನ ಭುಜದ ಹಿಂದೆ ಮರೆಯಾಗಿದ್ದವು.

ವಿಟಿ ಅಂದರೆ 'ವೈಸರಾಯ್ ಟೆರಿಟರಿ' ಅಂತ ನಾನು ಎಷ್ಟು ವರ್ಷ ಪಾಠ ಹೇಳಿದ್ದೇನೋ. ಅವರು ನಕ್ಕುಬಿಟ್ಟರು. "ಆಸ್ಟ್ರೇಲಿಯಾದ ವಿಮಾನದ ಮೇಲೆ ವಿಎಚ್ ಅಂತ ಇರುತ್ತೆ, ಅಲ್ಲಿ ಯಾವ ವೈಸರಾಯ್ ಇದ್ದ?" ರೇಡಿಯೋ ಸಂಕೇತಗಳನ್ನು ಹಂಚುವಾಗ ಬ್ರಿಟಿಷರ ಕೈಕೆಳಗಿನ ಹಲವು ನಾಡುಗಳಿಗೆ 'ವಿ'ಯಿಂದ ಶುರುವಾಗುವ ಅಕ್ಷರಗಳು ಬಂದವು, ನಮ್ಮ ಪಾಲಿಗೆ ವಿಟಿ. ಕತೆ ಚೆನ್ನಾಗಿದ್ದರೆ ಯಾರೂ ಬೇರು ಅಗೆದು ನೋಡುವುದಿಲ್ಲ.

ಕೊನೆಗೆ ಅವರು ಹೇಳಿದ್ದು ಇಷ್ಟು: ಇದು ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯ ಪುಷ್ಪಕ್ ಇರಬಹುದು. 1958ರಲ್ಲಿ ಮೊದಲು ಹಾರಿದ್ದು, 90 ಅಶ್ವಶಕ್ತಿಯ ಎಂಜಿನ್, ಪಕ್ಕಪಕ್ಕ ಎರಡು ಸೀಟು. ನೂರೈವತ್ತರ ಆಸುಪಾಸು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆ ಹೋದವು. ನನಗೆ ಎದೆ ಉಬ್ಬಿತು. ಅಮೆರಿಕಾದ್ದು ಅಂದಿದ್ದೆನಲ್ಲ, ಅಪ್ಪಟ ನಮ್ಮದೇ! ಅದಕ್ಕೂ ಅವರು ಕಡಿವಾಣ ಹಾಕಿದರು. ಪುಷ್ಪಕ್‌ಗೆ ಅಮೆರಿಕಾದ ಏರೋಂಕಾ ಚೀಫ್ ಎಂಬ ವಿಮಾನವೇ ಮಾದರಿ, ಎರಡೂ ಅಣ್ಣತಮ್ಮಂದಿರ ಹಾಗೆ. ಈ ಒಂದು ಫೋಟೋ ನೋಡಿ ಯಾವುದೆಂದು ಪ್ರಮಾಣ ಮಾಡಿ ಹೇಳಲಾರೆ ಅಂದರು. ಆತ ಕಾರ್ಖಾನೆಯಲ್ಲಿ ಇದ್ದರಲ್ಲ ಅಂದೆ. "ರಿಪೇರಿಗೆ ಬಂದ ವಿಮಾನದ ಮುಂದೆಯೂ ನಿಂತಿರಬಹುದು" ಅಂದರು. ಒಂದು ಚೀಟಿಯಲ್ಲಿ 'ಬಹುಶಃ ಪುಷ್ಪಕ್' ಎಂದು ಬರೆದು, 'ಬಹುಶಃ' ಕೆಳಗೆ ಗೆರೆ ಎಳೆದು ಕೊಟ್ಟರು.

ಆ ಗೆರೆ ನನ್ನನ್ನು ಬಹಳ ದಿನ ಕಾಡಿತು. ತಪ್ಪು ಹೆಸರು ಹೇಳಿದವನಿಗೆ ಏನೂ ಆಗುವುದಿಲ್ಲ, ಹೇಳಿಸಿಕೊಂಡವನಿಗೆ ಆಗುತ್ತದೆ. ಗಡಿಯಲ್ಲಿ ಬಾಳುವ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಬೆಂಗಳೂರಿಗೆ ಹೋದರೆ ಗಾಡಿಯ ನಂಬರ್ ನೋಡಿ "ತಮಿಳಾ?" ಅಂತಾರೆ. ಚೆನ್ನೈಗೆ ಹೋದರೆ ಮಾತಿನ ಧಾಟಿ ಕೇಳಿ "ಕರ್ನಾಟಕವಾ?" ಅಂತಾರೆ. ಇಬ್ಬರಿಗೂ ಕೆಟ್ಟ ಉದ್ದೇಶವಿಲ್ಲ, ಇಬ್ಬರೂ ಎರಡನೇ ಸಲ ನೋಡಿರುವುದಿಲ್ಲ ಅಷ್ಟೇ. ವಿಮಾನಕ್ಕಾದರೆ ಬಾಯಿಲ್ಲ. ಬಟ್ಟೆ ಬಿಗಿದವರು, ಹೊಲಿದವರು, ಡೋಪ್ ಬಳಿದವರು, ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಲೋಕದಲ್ಲಿ ಅವರ ಕೈಗುರುತು ಉಳಿದಿದ್ದರೆ ಆ ವಿಮಾನದ ಹೆಸರಿನಲ್ಲಿ ಮಾತ್ರ. ಅದನ್ನೂ ನಾನು ಹಾಜರಿ ಹಾಕುವ ಗಡಿಬಿಡಿಯಲ್ಲಿ ಅಮೆರಿಕಾಕ್ಕೆ ಬರೆದುಕೊಟ್ಟಿದ್ದೆ. ಮೇಷ್ಟ್ರು ಹೇಳಿದ್ದನ್ನು ಆರನೇ ತರಗತಿಯ ಹುಡುಗ ಪರೀಕ್ಷಿಸುವುದಿಲ್ಲ, ಮನೆಗೆ ಒಯ್ಯುತ್ತಾನೆ. ಹಾಗಾಗಿ ಅದು ಬರೀ ಅಜ್ಞಾನವಲ್ಲ, ತಪ್ಪೇ ಅಂತ ನನಗೆ ಖಚಿತವಾಯಿತು.

ಹಾಗಂತ ಹೆದರಿ ಯಾವುದಕ್ಕೂ ಹೆಸರೇ ಹೇಳದೆ ಕೂರುವುದೂ ಸರಿಯಲ್ಲ. ಆ ಹವ್ಯಾಸಿಗಳು ಹಾಗೆ ಕೂರುವುದಿಲ್ಲ. ಎಷ್ಟು ಕಂಡಿತೋ ಅಷ್ಟು ಹೇಳುತ್ತಾರೆ, ಎಲ್ಲಿಂದ ಮುಂದೆ ಊಹೆ ಅನ್ನುವುದನ್ನೂ ಹೇಳುತ್ತಾರೆ. ಪಾಠ ಹೇಳುವ ನಮ್ಮಲ್ಲಿ ಈ ಎರಡನೆಯದು ಕಡಿಮೆ. ಮಕ್ಕಳ ಮುಂದೆ 'ಬಹುಶಃ' ಅಂದರೆ ಮರ್ಯಾದೆ ಕಡಿಮೆಯಾಗುತ್ತೆ ಅನ್ನುವ ಭಯ ನಮಗೆ.

ಇಷ್ಟೆಲ್ಲ ಯೋಚಿಸಿದವನಿಗೆ ಒಂದು ವಿಷಯ ಮಾತ್ರ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದ್ದು ನನ್ನ ಹೆಂಡತಿ. "ಆ ತಾತ ಇನ್ನೂ ಇದಾರಲ್ಲ, ಅವರನ್ನೇ ಕೇಳಬಾರದಾ?" ಅಂದಳು. ಭೂತಗನ್ನಡಿ, ಚೀಟಿ, ಬೆಂಗಳೂರಿನ ತಿರುಗಾಟ ಎಲ್ಲ ಆಗಿತ್ತು. ಎರಡು ಬೀದಿ ಆಚೆಗಿದ್ದ ಮನುಷ್ಯನನ್ನು ಕೇಳಿರಲಿಲ್ಲ.

ಸಂಜೆ ಹೋದೆ. ಜಗಲಿಯ ಮೇಲೆ ಕೂತಿದ್ದರು. ಫೋಟೋ ಕೊಟ್ಟು, ಅವತ್ತು ನೋಡದೆ ಹೇಳಿದೆ ತಾತ, ತಪ್ಪಾಯ್ತು ಅಂದೆ. ಚೀಟಿಯನ್ನೂ ಓದಿ ಹೇಳಿದೆ. ಅವರು ಫೋಟೋವನ್ನು ದೂರ ಹಿಡಿದು ನೋಡಿದರು.

"ಬಹುಶಃ ಏನು ಬಂತು, ಪುಷ್ಪಕ್ಕೇಯ" ಅಂದರು. "ನೀವೇ ಬಟ್ಟೆ ಹಾಕಿದ್ರಾ ತಾತ?" ಅಂತ ಆಸೆಯಿಂದ ಕೇಳಿದೆ. ಹೌದು ಅಂದಿದ್ದರೆ ಮಾರನೇ ದಿನವೇ ತರಗತಿಯಲ್ಲಿ ಹೇಳುವವನಿದ್ದೆ.

"ಇದಕ್ಕಲ್ಲ ಮೇಷ್ಟ್ರೇ. ಇದು ಬೇರೆಯೋರು ಮಾಡಿದ್ದು. ಅವತ್ತು ಫೋಟೋದೋನು ಬಂದಾಗ ಇದೊಂದೇ ಬಿಸಿಲಲ್ಲಿ ನಿಂತಿತ್ತು, ಅದಕ್ಕೆ ಇದರ ಮುಂದೆ ನಿಂತೆ. ನಾನು ಮಾಡಿದ್ದೆಲ್ಲ ಒಳಗೆ ನೆರಳಲ್ಲಿದ್ವು."

ಫೋಟೋದ ಬೆನ್ನಿಗೆ ಅದನ್ನು ಅವರು ಹೇಳಿದ ಹಾಗೇ ಬರೆದು ಹುಡುಗನ ಕೈಗೆ ಕೊಟ್ಟು ಬಂದೆ.