ಏಳು ದಿನ ಹೊರಡದ ಪಾಳೆಯ

(ಭಾನುವಾರದ ಆರಾಧನೆಯಲ್ಲಿ ಕೊಟ್ಟ ಸಂದೇಶದ ಬರಹರೂಪ)

  ಕೂತ್ಕೊಳ್ರಿ. ಬೈಬಲ್ ತೆರೀರಿ, ಅರಣ್ಯಕಾಂಡ 12ನೇ ಅಧ್ಯಾಯ. ಮೊಬೈಲಿನಲ್ಲಿ ಓದೋರು ನೋಟಿಫಿಕೇಶನ್ ಬಂದ್ ಮಾಡ್ಕೊಂಡು ಓದ್ರಿ.

ಮೋಶೆ ಕೂಷ್ ದೇಶದ ಸ್ತ್ರೀಯನ್ನು ಮದುವೆಯಾಗಿದ್ದ. ಒಂದನೇ ವಚನದಲ್ಲೇ ಈ ಮಾತು ಎರಡು ಸಲ ಬರುತ್ತೆ, ಗಮನಿಸಿ. ಅಕ್ಕ ಮಿರ್ಯಾಮ, ಅಣ್ಣ ಆರೋನ ಇಬ್ಬರೂ ಅದಕ್ಕಾಗಿ ಅವನ ವಿರುದ್ಧ ಮಾತಾಡಿದರು. ಆದರೆ ಎರಡನೇ ವಚನಕ್ಕೆ ಬಂದಾಗ ವಿಷಯವೇ ಬದಲಾಗಿಬಿಟ್ಟಿದೆ. ಕರ್ತನು ಮೋಶೆಯೊಬ್ಬನ ಮೂಲಕ ಮಾತ್ರ ಮಾತಾಡಿದ್ದಾನಾ, ನಮ್ಮ ಮೂಲಕ ಮಾತಾಡಿಲ್ವಾ ಅಂತ ಕೇಳ್ತಾರೆ. ನೋಡ್ರಿ, ಹೊಟ್ಟೆಯಲ್ಲಿ ಇದ್ದದ್ದು ಆ ಹೆಣ್ಣಿನ ಮೇಲಿನ ಅಸಹ್ಯ. ಬಾಯಿಂದ ಹೊರಗೆ ಬಂದದ್ದು ಸೇವೆ, ಪ್ರವಾದನೆ, ಅಭಿಷೇಕದ ಮಾತು. ಈ ಪಾಪ ಯಾವತ್ತೂ ತನ್ನ ಹೆಸರು ಹೇಳ್ಕೊಂಡು ಬರಲ್ಲ, ಆತ್ಮಿಕ ಬಟ್ಟೆ ಹಾಕ್ಕೊಂಡೇ ಬರುತ್ತೆ.

ಮಿರ್ಯಾಮ ಯಾರು? ಕೆಂಪು ಸಮುದ್ರ ದಾಟಿದ ಮೇಲೆ ದಮ್ಮಡಿ ಹಿಡಿದು ಹೆಂಗಸರನ್ನೆಲ್ಲ ಆರಾಧನೆಗೆ ನಡೆಸಿದವಳು. ಪ್ರವಾದಿನಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ವರ್ಶಿಪ್ ಲೀಡರ್. ಅನ್ಯಭಾಷೆ ಮಾತಾಡೋರು, ಉಪವಾಸ ಮಾಡೋರು, ದೆವ್ವ ಬಿಡಿಸೋರು ಈ ವಿಷಯದಲ್ಲಿ ತಾವು ಸೇಫ್ ಅಂತ ತಿಳ್ಕೋಬೇಡಿ.

ಆಮೇಲೆ ಅವಳ ಮೈ ಹಿಮದ ಹಾಗೆ ಬೆಳ್ಳಗಾಯಿತು. ಕುಷ್ಠ. ಈ ಅಧ್ಯಾಯದಲ್ಲಿ ಆ ಸ್ತ್ರೀಯ ಮೈಬಣ್ಣದ ಬಗ್ಗೆ ಒಂದು ಮಾತೂ ಬರೆದಿಲ್ಲ, ಇಲ್ಲದ್ದನ್ನು ವಾಕ್ಯದೊಳಗೆ ಸೇರಿಸೋದು ಬೇಡ. ಆದರೆ ಕೂಷ್ ಅಂದರೆ ಐಗುಪ್ತದ ದಕ್ಷಿಣದ ನಾಡು, ಇವತ್ತಿನ ಸುಡಾನ್ ಕಡೆಯ ಸೀಮೆ. ಕೂಷಿನವನು ತನ್ನ ಚರ್ಮದ ಬಣ್ಣ ಬದಲಾಯಿಸಬಲ್ಲನೇ ಅಂತ ಯೆರೆಮೀಯ 13ರಲ್ಲಿ ಪ್ರಶ್ನೆ ಬರುತ್ತೆ. ಅಂದರೆ ಆ ಜನರ ಬಣ್ಣ ಇಸ್ರಾಯೇಲಿನವರಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಯೆರೆಮೀಯನನ್ನು ಕೆಸರಿನ ಬಾವಿಯಿಂದ ಹಳೇ ಬಟ್ಟೆ, ಹಗ್ಗ ಇಳಿಬಿಟ್ಟು ಮೇಲೆತ್ತಿದವನು ಕೂಷಿನ ಎಬೆದ್ಮೆಲೆಕ. ಸ್ವಂತ ಜನ ಬಾವಿಗೆ ಹಾಕಿದ್ರು, ಹೊರಗಿನವನು ಎತ್ತಿದ. 38ನೇ ಅಧ್ಯಾಯ, ಮನೆಗೆ ಹೋಗಿ ಓದ್ರಿ.

ಕೂಷ್ ನಮಗೆ ದೂರದ ಮಾತು ಅಂದ್ಕೊಂಡಿದ್ದೀರಾ? ಬೀದರಿನವರು ಹಂಗ ಅನ್ನಬಾರದು. ಊರಿನ ಪೂರ್ವಕ್ಕಿರುವ ಗುಡ್ಡದ ಹೆಸರು ಹಬ್ಶಿ ಕೋಟ್. ಹಬ್ಶಿ ಅಂದರೆ ಅಬಿಸೀನಿಯಾದವರು, ಇವತ್ತಿನ ಇಥಿಯೋಪಿಯಾ ಸೀಮೆಯವರು. ಗುಲಾಮರಾಗಿ, ಸೈನಿಕರಾಗಿ ಕಡಲು ದಾಟಿ ದಖ್ಖನಿಗೆ ಬಂದು, ಬಹಮನಿ ಸುಲ್ತಾನರ ಆಸ್ಥಾನದಲ್ಲಿ ಅಮೀರರಾದವರು. 1657ರಲ್ಲಿ ಔರಂಗಜೇಬ ಬೀದರ್ ಕೋಟೆಗೆ ಮುತ್ತಿಗೆ ಹಾಕಿದಾಗ ಬಿಜಾಪುರದ ಪರವಾಗಿ ಈ ಕೋಟೆ ಕಾದು ಪ್ರಾಣ ಬಿಟ್ಟವನು ಸಿದ್ದಿ ಮರ್ಜಾನ್. ಈ ಊರಿಗಾಗಿ ಸತ್ತವನ ಕುಲದ ಹೆಸರು ಅದು. ಇವತ್ತು ಗಲ್ಲಿಯಲ್ಲಿ ಕಪ್ಪಗಿರುವ ಹುಡುಗನನ್ನು ಗೇಲಿ ಮಾಡೋಕೆ "ಹಬ್ಶಿ" ಅಂತಾರೆ. ಕೇಳಿದ್ದೀರಿ ಹೌದಿಲ್ಲೋ? ಕ್ರಿಕೆಟ್ ಆಡುವಾಗ ಕೇಳಿರ್ತೀರಿ.

ಅದೇ ಆಫ್ರಿಕಾ ಮೂಲದ ಸಿದ್ದಿ ಜನ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿದ್ದಾರೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರೂ ಇದ್ದಾರೆ. ನೂರಾರು ವರ್ಷದಿಂದ ಈ ನೆಲದವರು. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಇಷ್ಟಾದರೂ ಊರು ಬಿಟ್ಟು ಪೇಟೆಗೆ ಬಂದರೆ ಯಾವ ದೇಶದವನಪ್ಪಾ ನೀನು ಅಂತ ಕೇಳ್ತಾರೆ, ಅವರು ಕನ್ನಡದಲ್ಲೇ ಉತ್ತರ ಕೊಡ್ತಾರೆ.

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ಒಬ್ಬನ ಕಾರು ಬಡಿದು ಒಬ್ಬ ಮಹಿಳೆ ತೀರಿಹೋದರು. ಆಮೇಲೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಹಿಡಿದು ಹೊಡೆದರು, ಬಟ್ಟೆ ಹರಿದರು. ಅವಳಿಗೂ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಬಣ್ಣ ಒಂದೇ, ಅಷ್ಟೇ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು ಬಿಟ್ಟು ರೈಲು ಹತ್ತಿದರು. ಅವರಲ್ಲಿ ಎಷ್ಟೋ ಮಂದಿ ನಮ್ಮ ಹಾಗೆ ಭಾನುವಾರ ಸಭೆಗೆ ಹೋಗುವ ವಿಶ್ವಾಸಿಗಳು. ಬೆಂಗಳೂರಿನ ಮಾತು ಬೆಂಗಳೂರಿಗೆ ಅನ್ನಬೇಡಿ. 1988ರ ಸೆಪ್ಟೆಂಬರಿನಲ್ಲಿ ಇದೇ ಬೀದರಿನಲ್ಲಿ, ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳ ಮೇಲೆ ಗುಂಪು ಬಿದ್ದು ಕೊಲೆ ಮಾಡಿತು. ಗುರುದ್ವಾರ ಇರುವ ಊರು ಇದು, ಗುರುನಾನಕರ ಹೆಸರು ಹೇಳಿ ಝರಿಯ ನೀರು ತೋರಿಸುವ ಊರು. ನಿಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. ಮನೆಯಲ್ಲಿ ಹಿರಿಯರನ್ನು ಕೇಳಿ ನೋಡ್ರಿ, ನೆನಪಿದ್ದವರು ಮೊದಲು ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ.

ಈಗ ನಮ್ಮ ಮನೆಗೆ ಬರೋಣ. ಪೆಂಟೆಕೋಸ್ತ್ ಮನೆಗೆ.

ವಿಲಿಯಂ ಸೀಮೋರ್ ಅಂತ ಒಬ್ಬ ದೇವರ ಸೇವಕ. 1870ರಲ್ಲಿ ಅಮೆರಿಕದ ಲೂಸಿಯಾನದಲ್ಲಿ ಹುಟ್ಟಿದ. ತಂದೆತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದವರು. ಹ್ಯೂಸ್ಟನ್ ಊರಿನಲ್ಲಿ ಚಾರ್ಲ್ಸ್ ಪಾರ್ಹಂ ಪವಿತ್ರಾತ್ಮನ ದೀಕ್ಷಾಸ್ನಾನದ ಬಗ್ಗೆ ಬೈಬಲ್ ತರಗತಿ ನಡೆಸುತ್ತಿದ್ದರು. ಸೀಮೋರ್ ಕಪ್ಪು ಮನುಷ್ಯ, ಬಿಳಿಯರ ಜೊತೆ ಕೋಣೆಯಲ್ಲಿ ಕೂರುವ ಹಾಗಿಲ್ಲ. ಬಾಗಿಲು ಸ್ವಲ್ಪ ತೆರೆದಿಟ್ಟರು, ಅವರು ಹೊರಗೆ ಕೂತು ಕೇಳಿಸಿಕೊಂಡರು. ತಮ್ಮಂದಿರೇ, ನಮ್ಮಲ್ಲಿ ಕೆಲವರ ಅಜ್ಜಂದಿರು ಸಾಲೆಯಲ್ಲಿ ಎಲ್ಲಿ ಕೂತು ಅಕ್ಷರ ಕಲಿತರು ಅಂತ ನಿಮಗೆ ಗೊತ್ತು. ಹ್ಯೂಸ್ಟನ್ನಿನ ಆ ಬಾಗಿಲು ಎಂಥದ್ದು ಅಂತ ಈ ಜಿಲ್ಲೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಬಾಗಿಲ ಹೊರಗೆ ಕೂತ ಅದೇ ಮನುಷ್ಯನನ್ನು ದೇವರು 1906ರಲ್ಲಿ ಲಾಸ್ ಏಂಜಲೀಸ್‌ನ ಅಜುಸಾ ಬೀದಿಗೆ ಕರೆದುಕೊಂಡು ಹೋದ. ಹಳೇ ಚರ್ಚ್ ಕಟ್ಟಡ, ನಡುವೆ ಕುದುರೆ ಲಾಯವಾಗಿದ್ದದ್ದು. ಅಲ್ಲಿ ಆತ್ಮ ಸುರಿದ. ಕಪ್ಪು, ಬಿಳಿ, ಮೆಕ್ಸಿಕೋದವರು ಒಂದೇ ನೆಲದ ಮೇಲೆ ಮೊಣಕಾಲೂರಿದರು. ಅದೇ ಅಕ್ಟೋಬರಿನಲ್ಲಿ ಪಾರ್ಹಂ ನೋಡಲು ಬಂದರು. ಕಪ್ಪು ಬಿಳಿ ಹೀಗೆ ಬೆರೆತದ್ದು ಅವರಿಗೆ ಹಿಡಿಸಲಿಲ್ಲ, ಬೈದು ಹೋದರು. ಗುರುವಿಗೆ ಉಪದೇಶ ಗೊತ್ತಿತ್ತು, ಶಿಷ್ಯನ ಪಕ್ಕದಲ್ಲಿ ಕೂರೋದು ಗೊತ್ತಿರಲಿಲ್ಲ. ಆಮೇಲೆ ಬಿಳಿಯರ ಸಂಘಗಳು ಬೇರೆ, ಕಪ್ಪು ಜನರ ಸಂಘಗಳು ಬೇರೆ ಆದವು. 1994ರಲ್ಲಿ ಮೆಂಫಿಸ್‌ನಲ್ಲಿ ಎರಡೂ ಕಡೆಯವರು ಕೂಡಿದಾಗ ಒಬ್ಬ ಬಿಳಿ ಪಾಸ್ಟರ್ ಕಪ್ಪು ಬಿಷಪ್ಪರ ಕಾಲು ತೊಳೆದರು. ಅಜುಸಾದಿಂದ ಅಲ್ಲಿಗೆ 88 ವರ್ಷ ಬೇಕಾಯಿತು.

ಅಜುಸಾಕ್ಕಿಂತ ಒಂದು ವರ್ಷ ಮೊದಲೇ, 1905ರಲ್ಲಿ, ಪುಣೆ ಕಡೆಯ ಕೇಡಗಾಂವ್‌ನ ಮುಕ್ತಿ ಆಶ್ರಮದಲ್ಲಿ ಉಜ್ಜೀವನ ಬಂತು. ಪಂಡಿತಾ ರಮಾಬಾಯಿ ನಡೆಸುತ್ತಿದ್ದ ಮನೆ ಅದು. ಅವರು 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದ ಘಟ್ಟದಲ್ಲಿ, ಬ್ರಾಹ್ಮಣ ಮನೆತನದಲ್ಲಿ. ಆತ್ಮ ಇಳಿದದ್ದು ಬರಗಾಲದಲ್ಲಿ ಬದುಕುಳಿದ ಹುಡುಗಿಯರ ಮೇಲೆ, ವಿಧವೆಯರ ಮೇಲೆ.

ಒಬ್ಬ ತಮ್ಮ ನನ್ನನ್ನು ಕೇಳಿದ: "ಪಾಸ್ಟರ್, ರೇಸಿಸಂ ಅಮೆರಿಕದ್ದು, ನಮ್ಮದು ಜಾತಿ, ಎರಡನ್ನೂ ಯಾಕ ಕೂಡಿಸ್ತೀರಿ?" ಒಳ್ಳೆ ಪ್ರಶ್ನೆ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಸಮ್ಮೇಳನ ನಡೆದಾಗ ಇದೇ ವಾದ ಆಯಿತು. ದಲಿತ ಸಂಘಟನೆಗಳು ಜಾತಿಯನ್ನೂ ಸೇರಿಸಿ ಅಂದವು, ನಮ್ಮ ಸರ್ಕಾರ ಬೇಡ ಅಂತು. ಆ ವಾದ ತಿಳಿದವರು ಮಾಡಲಿ. ನನಗೆ ಗಲಾತ್ಯ 2ನೇ ಅಧ್ಯಾಯ ಸಾಕು. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಊಟಕ್ಕೆ ಕೂತಿದ್ದ. ಯೆರೂಸಲೇಮಿನಿಂದ ಕೆಲವರು ಬಂದರು, ಪೇತ್ರ ಮೆಲ್ಲಗೆ ತಟ್ಟೆ ತಗೊಂಡು ಎದ್ದ. ಬಾರ್ನಬನೂ ಎದ್ದ. ಪಂಚಾಶತ್ತಮ ದಿನದ ಪೇತ್ರ! ಕೊರ್ನೇಲ್ಯನ ಮನೆಗೆ ಹೋಗಿ ಬಂದ ಪೇತ್ರ! ಪೌಲ ಅವನನ್ನು ಪಕ್ಕಕ್ಕೆ ಕರೆದು ಹೇಳಲಿಲ್ಲ, ಎಲ್ಲರ ಎದುರಿಗೆ ಹೇಳಿದ. ಸುವಾರ್ತೆಗೆ ತಕ್ಕ ಹಾಗೆ ನಡೀತಿಲ್ಲ ಅಂತ. ಪಂಕ್ತಿ ಅನ್ನೋದು ಸುವಾರ್ತೆಯ ವಿಷಯ, ಪ್ರಿಯರೇ. ಬಸವಕಲ್ಯಾಣ ಇರುವ ಜಿಲ್ಲೆಯವರು ನಾವು. ಹರಳಯ್ಯನ ಮಗನಿಗೆ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಆ ಇಬ್ಬರು ತಂದೆಯರನ್ನು ಕೊಂದರು ಅನ್ನೋ ಕಥೆ ಈ ನೆಲದ್ದು.

ಕಳೆದ ತಿಂಗಳ ಯೂತ್ ಮೀಟಿಂಗ್‌ನಲ್ಲಿ ಹೆಸರಿಲ್ಲದ ಚೀಟಿ ಬರೆಸಿದ್ದೆವು. ಒಂದರಲ್ಲಿ ಹೀಗಿತ್ತು. ಹುಡುಗಿ ದೀಕ್ಷಾಸ್ನಾನ ಆದವಳು, ಹುಡುಗನೂ ಆದವನು. ಎರಡೂ ಮನೆ ಪ್ರಾರ್ಥನೆ ಮಾಡಿ ಒಪ್ಪಿದವು. ಫೋಟೋದಲ್ಲಿ ಇಷ್ಟು ಕಪ್ಪಗೆ ಕಾಣಿಸಲಿಲ್ಲ ಅಂತ ಆಮೇಲೆ ಮಾತು ಬಂತು. ಅದಾದ ಮೇಲೆ "ಮೊದಲು ನಿಮ್ಮವರು ಯಾವ ಪೈಕಿ?" ಅಂತ ಇನ್ನೊಂದು ಮಾತು. ಕೊನೆಗೆ ಹುಡುಗನ ಕಡೆಯವರು ಹೇಳಿದ್ದು, ದೇವರ ಚಿತ್ತ ಇಲ್ಲ. ಮಿರ್ಯಾಮಳ ಎರಡನೇ ವಚನ! ಆ ತಂಗಿ ಚೀಟಿಯ ಕೊನೆಗೆ ಒಂದು ಪ್ರಶ್ನೆ ಬರೆದಿದ್ದಾಳೆ: ದೇವರ ಚಿತ್ತಕ್ಕೂ ಫೇರ್‌ನೆಸ್ ಕ್ರೀಮ್ ಬೇಕಾ ಪಾಸ್ಟರ್?

ಅದಕ್ಕೇ ಹಿರಿಯರು ಕೂತು ತೀರ್ಮಾನ ಮಾಡಿದ್ದೇವೆ. ಅರಣ್ಯಕಾಂಡ 12ಕ್ಕೆ ಮತ್ತೆ ಬನ್ನಿ, 15ನೇ ವಚನ. ಮಿರ್ಯಾಮಳನ್ನು ಏಳು ದಿನ ಪಾಳೆಯದ ಹೊರಗಿಟ್ಟರು, ಅವಳು ಒಳಗೆ ಬರೋ ತನಕ ಜನ ಪ್ರಯಾಣ ಹೊರಡಲಿಲ್ಲ. ಕಾನಾನಿಗೆ ಹೋಗುವ ಅಷ್ಟು ದೊಡ್ಡ ದಂಡು, ಒಂದು ಮನೆಯೊಳಗಿನ ಮಾತಿಗಾಗಿ ಒಂದು ವಾರ ನಿಂತಿತು. ಇದು ಪರ್ಸನಲ್ ವಿಷಯ, ನಾವು ಮುಂದೆ ಹೋಗೋಣ ಅಂತ ಯಾರೂ ಅನ್ನಲಿಲ್ಲ. ಅವಳಿಗಾಗಿ ಮೊರೆಯಿಟ್ಟವನು ಯಾರು? ಅದೇ ಕೂಷ್ ಸ್ತ್ರೀಯ ಗಂಡ.

ನಾವೂ ಏಳು ವಾರ ನಿಲ್ತೇವೆ. ಕನ್ವೆನ್ಶನ್ ತಯಾರಿ ಆಮೇಲೆ. ಬೀದರಿನಲ್ಲಿ ಬುಧವಾರ, ಭಾಲ್ಕಿಯಲ್ಲಿ ಗುರುವಾರ, ಔರಾದ್‌ನಲ್ಲಿ ಶನಿವಾರ ಸಂಜೆ ಅಧ್ಯಯನ. ಈ ಜಿಲ್ಲೆಗೆ ಸುವಾರ್ತೆ ಯಾರಿಗೆ ಮೊದಲು ಬಂತು, ಅವರನ್ನು ಊರು ಹೇಗೆ ನಡೆಸಿಕೊಂಡಿತು, 1950ರ ರಾಷ್ಟ್ರಪತಿ ಆದೇಶದಿಂದ ದಲಿತ ಕ್ರೈಸ್ತರಿಗೆ ಏನಾಯಿತು, ಎಲ್ಲ ಓದೋಣ. ಸಭೆಯ ಮೂಲಕ ಹೋಗುವ ಮದುವೆ ಬಯೋಡೇಟಾದಲ್ಲಿ ಮೈಬಣ್ಣದ ಸಾಲು, ಜಾತಿಯ ಸಾಲು ಇವತ್ತಿನಿಂದ ಇರಲ್ಲ. ಆ ಸಾಲು ಬೇಕೇ ಬೇಕು ಅನ್ನೋ ಮನೆಗೆ ನಾನು ಸಂಬಂಧ ಹೇಳೋಕೆ ಬರಲ್ಲ, ಸಿಟ್ಟು ಮಾಡ್ಕೋಬೇಡಿ. ಕಾಲೇಜಿಗೆ ಹೊರರಾಜ್ಯದಿಂದ ಬಂದ ಮಕ್ಕಳನ್ನು ತಿಂಗಳಿಗೊಮ್ಮೆ ಮನೆಗೆ ಊಟಕ್ಕೆ ಕರೆಯುವವರು ಬಾಗಿಲ ಹತ್ತಿರದ ಪಟ್ಟಿಯಲ್ಲಿ ಹೆಸರು ಬರೀರಿ. ಜೋಳದ ರೊಟ್ಟಿ ಅವರಿಗೆ ಸೇರುತ್ತೋ ಇಲ್ವೋ ಅಂತ ನೀವೇ ಲೆಕ್ಕ ಹಾಕಬೇಡಿ, ಕೇಳ್ರಿ.

ಚೀಟಿ ಬರೆದ ತಂಗಿ ಇವತ್ತು ಇಲ್ಲಿ ಕೂತಿರಬಹುದು. ಅವಳು ಯಾರು ಅಂತ ಹುಡುಕೋಕೆ ಹೋಗಬೇಡಿ. ಎದ್ದು ನಿಲ್ಲೋಣ. ಆರೋನನ ಮನೆಯವರೇ ಮೊದಲು ಪ್ರಾರ್ಥಿಸಲಿ, ಹಿರಿಯರು ಮುಂದೆ ಬನ್ನಿ.